ಎತ್ತಿನ ಉಸಿರಿನಷ್ಟು ದೂರ

ನನ್ನ ಅಂಗಿಯನ್ನು ಒಗೆಯಲು ಹಾಕುವ ಮುನ್ನ ಹೆಂಡತಿ ಜೇಬು ತಡಕುತ್ತಾಳೆ. ಒಳಗೆ ಮರದ ಮೊಳೆ ಸಿಕ್ಕರೆ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ನಿಲ್ಲಿಸುತ್ತಾಳೆ. ಗಾಲ್ಫ್ ಚೆಂಡನ್ನು ನೆಲದಿಂದ ಎರಡು ಬೆರಳು ಮೇಲೆ ಹಿಡಿದು ನಿಲ್ಲಿಸುವ ಈ ಮೊಳೆಗೆ ಟೀ ಎಂದು ಹೆಸರು. ಅರವತ್ತಮೂರನೆಯ ವಯಸ್ಸಿನಲ್ಲಿ ಗೋಲಿಯಾಟ ಎಂದು ಅವಳ ಕೀಟಲೆ.

ಗೆಳೆಯ, ಎಲ್ಲಿ ನಿಂತು ಹೊಡೆಯಬೇಕು ಎಂಬುದರಲ್ಲೇ ಈ ಆಟದ ಅರ್ಧ ಮರ್ಮವಿದೆ. ಚೆಂಡನ್ನು ಬೀಳಿಸಬೇಕಾದ ಒಂದೊಂದು ಕುಳಿಗೂ ಹೊರಡುವ ಜಾಗಗಳು ನಾಲ್ಕು: ತೀರ ದೂರದ್ದು ಕಪ್ಪು ಗುರುತು, ಆಮೇಲೆ ನೀಲಿ, ಬಿಳಿ, ತೀರ ಹತ್ತಿರದ್ದು ಕೆಂಪು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಇಲ್ಲಿ ಕಾಲು ಇದ್ದಷ್ಟೇ ಹಾಸಿಗೆ ಹಾಸಿಕೊಳ್ಳುವ ಸ್ವಾತಂತ್ರ್ಯವಿದೆ. ಇಂಥ ಉದಾರವಾದ ಆಟದಲ್ಲೂ ನಾವು ಗಂಡಸರು, ಹೆಚ್ಚಾಗಿ ಹೆಂಗಸರೂ ವಯಸ್ಸಾದವರೂ ಆಡುವ ಕೆಂಪಿನ ಬಳಿ ನಿಲ್ಲಲು ನಾಚುತ್ತೇವೆ. ಕೋಲಾರದಲ್ಲಿ ಮೂವತ್ತು ವರ್ಷ ಬೇರೆಯವರ ನಾಡಿ ಹಿಡಿದ ವೈದ್ಯ ನಾನು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಎಂಟು ತಿಂಗಳಾಗಿದ್ದರೂ ಕಪ್ಪು ಬಿಟ್ಟು ಕದಲುತ್ತಿರಲಿಲ್ಲ. ಮುಂದಕ್ಕೆ ಬಂದರೆ ಮುದುಕನಾದೆನೆಂದು ಒಪ್ಪಿಕೊಂಡಂತೆ. ನನಗೆ ಅದರ ಭಯವಿತ್ತು.

ಮಾಲೂರಿನ ಕಡೆಯ ಆ ಮೈದಾನದಲ್ಲಿ ನನ್ನ ಆಟದ ಕೋಲುಗಳ ಚೀಲ ಹೊರುವವನು ರವಣಪ್ಪ, ಐವತ್ತು ದಾಟಿದವನು. ಏಳನೆಯ ಕುಳಿಯ ನೆಲ ಒಂದು ಕಾಲಕ್ಕೆ ಅವನ ಮನೆಯವರ ರಾಗಿ ಹೊಲ. ಅಲ್ಲಿಗೆ ಬಂದಾಗಲೆಲ್ಲ ಅವನು ಚೀಲವನ್ನು ಕೆಂಪಿನ ಹತ್ತಿರವೇ ಇಳಿಸಿಬಿಡುತ್ತಿದ್ದ. ನಾನೇ ಕೋಲು ಹಿಡಿದು ಕಪ್ಪಿನವರೆಗೆ ಹಿಂದಕ್ಕೆ ನಡೆಯಬೇಕಿತ್ತು. ಒಂದು ಬೆಳಗ್ಗೆ ಗದರಿದೆ.

"ಆ ಕಪ್ಪಿನ ತಾವ ಹೋಗ್ಬೇಡಿ ಸಾರ್. ನಮ್ಮಪ್ಪ ಹೊಲದಾಗೆ ಒಂದು ಕಲ್ಲು ನೆಟ್ಟಿದ್ದ. ಎತ್ತು ಒಂದೇ ಉಸಿರಿಗೆ ಎಲ್ಲಿಗಂಟ ಎಳೀತದೋ, ಸಾಲು ಅಲ್ಲಿಗೇ ಮುಗೀಬೇಕು. ಎತ್ತಿಗೆ ವಯಸ್ಸಾದಂಗೆ ವರ್ಷ ವರ್ಷಾನೂ ಕಲ್ಲು ಕಿತ್ತು ಈ ಕಡೆ ಜರುಗಿಸ್ತಿದ್ದ. ಒಂದು ವರ್ಷ ಪಕ್ಕದ ಹೊಲದೋರು ನಕ್ಕರು ಅಂತ ಜರುಗಿಸ್ಲಿಲ್ಲ. ಎತ್ತು ಆ ಕೊನೇಲಿ ಮಂಡಿಯೂರ್ತು, ಏಳಲೇ ಇಲ್ಲ. ಅಲ್ಲೇ ಹೂತ್ವಿ. ನೀವು ನಿಂತ್ಕೊಳ್ಳೋದು ಅದರ ಮೇಲೇನೇ."

ನಾನು ನಕ್ಕು, ಧನುರ್ಮಾಸದ ಮಂಜಿನಲ್ಲಿ ಕಪ್ಪು ಗುರುತಿಗೆ ಹೋಗಿ ಮೊಳೆ ಊರಿ ಕೋಲೆತ್ತಿದೆ. ಬೆನ್ನ ಹಿಂದೆ ಉಸಿರು ಕೇಳಿಸಿತು. ಹೊಳ್ಳೆ ಅಗಲಿಸಿ ಎದೆಯ ತಳದಿಂದ ಬಿಡುವ, ಹಸಿ ಹುಲ್ಲಿನ ವಾಸನೆಯ ಬಿಸಿಯುಸಿರು ಕತ್ತಿಗೆ ತಾಕಿತು. ತಿರುಗಿದರೆ ಬರಿಯ ಮಂಜು. ವೈದ್ಯನಲ್ಲವೇ, ನನ್ನದೇ ಏದುಸಿರು ಎಂದುಕೊಂಡು, ಪರೀಕ್ಷಿಸಲು ಉಸಿರು ಕಟ್ಟಿ ನಿಂತೆ. ಅದು ನಿಲ್ಲಲಿಲ್ಲ. ನನ್ನ ಎಡತೋಳು ಜೋಮು ಹಿಡಿಯಿತು.

ಮಂಜಿನಾಚೆಯಿಂದ ರವಣಪ್ಪ ತನ್ನ ಮನೆಮಾತಾದ ತೆಲುಗಿನಲ್ಲಿ ಮೆಲ್ಲಗೆ ಕರೆಯುತ್ತಿದ್ದ: "ಚಾಲು, ರಾ... ರಾ." ಸಾಕು, ಬಾ ಎಂದು. ನನ್ನನ್ನು ಅವನು ಎಂದೂ ಏಕವಚನದಲ್ಲಿ ಕರೆದವನಲ್ಲ. ಹೊಡೆಯದೆ, ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡು ಆ ದನಿಯ ಕಡೆಗೆ ನಡೆದೆ. ಕೆಂಪು ಗುರುತು ಮುಟ್ಟುವವರೆಗೂ ಪಕ್ಕದಲ್ಲಿ ಗೊರಸಿನ ಸದ್ದಿತ್ತು. ಅಂದೇ ನನ್ನ ಹೃದಯ ನೋಡುವ ವೈದ್ಯರ ಬಳಿ ಹೋದೆ. ಆ ಹೊಡೆತ ಹೊಡೆದಿದ್ದರೆ ಹೃದಯ ಅಲ್ಲೇ ನಿಲ್ಲುತ್ತಿತ್ತು ಎಂದರು ಅವರು.

ಈಗ ಕೆಂಪಿನಿಂದಲೇ ಆಡುತ್ತೇನೆ. ಆಟ ಸೊಗಸಾಗಿದೆ, ಚೆಂಡು ಎರಡೇ ಹೊಡೆತಕ್ಕೆ ಕುಳಿಯ ಹತ್ತಿರ ಹೋಗುತ್ತದೆ, ಯಾರೂ ನಗುವುದಿಲ್ಲ. ಇಷ್ಟು ವರ್ಷ ಯಾರ ನಗುವಿಗೆ ಹೆದರಿ ನನ್ನ ಸಾಲನ್ನು ಉದ್ದ ಎಳೆದುಕೊಂಡೆನೋ ಎಂದು ನೆನೆದರೆ ನಾಚಿಕೆಯಾಗುತ್ತದೆ.

ಅಂದಿನ ಮೊಳೆಯನ್ನು ಹೆಂಡತಿ ಕಿಟಕಿಕಟ್ಟೆಯ ಆಚೆ ತುದಿಯಲ್ಲಿ ನಿಲ್ಲಿಸಿದ್ದಳು. ಈಗ ಅದು ನಾನು ಕಾಫಿಗೆ ಕೂರುವ ಕುರ್ಚಿಯ ಕಡೆಗೆ ಒಂದು ಗೇಣು ಬಂದಿದೆ. "ನಾನು ಮುಟ್ಟೇ ಇಲ್ಲ ಕಣ್ರೀ" ಎನ್ನುತ್ತಾಳೆ. ಹಿಂದಕ್ಕೆ ಜರುಗಿಸಲು ಕೈ ಚಾಚಿದವನು, ಹೊಲದ ಆ ಕಲ್ಲು ನೆನಪಾಗಿ, ಅದನ್ನು ಇದ್ದಲ್ಲೇ ಬಿಟ್ಟೆ.