ಅಂಗೈಯಗಲದ ಗುರಿ

ಬೆಳಗಿನ ಕಾಫಿ ಲೋಟ ಬಟ್ಟಲಿಗೆ ತಾಗಿ ಟಣಟಣ ಎಂದಾಗ ನಾನು ಅಡುಗೆಮನೆಯಲ್ಲಿದ್ದೆ. ಒಮಾನಿನ ಅಲ್ ಗುಬ್ರಾದ ನಮ್ಮ ಫ್ಲಾಟಿನಲ್ಲಿ ಹಾಲಿಗೂ ಅಡುಗೆಮನೆಗೂ ನಡುವೆ ಬಾಗಿಲಿರಲಿಲ್ಲ, ಬರೀ ಒಂದು ಕಮಾನು. ಬಗ್ಗಿ ನೋಡಿದೆ. ಹಿಂದಿನ ದಿನವಷ್ಟೇ ವಿಸಿಟ್ ವೀಸಾದಲ್ಲಿ ಬಂದಿಳಿದಿದ್ದ ನನ್ನ ಮಾವ ಸೋಫಾದ ತುದಿಯಲ್ಲಿ ನೆಟ್ಟಗೆ ಕೂತು, ತಮ್ಮ ಬಲಗೈಯನ್ನು ಪಕ್ಕದ ಮನೆಯ ತಂಟೆಕೋರ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದರು. ಎರಡನೇ ಕ್ಲಾಸಿನ ನನ್ನ ಮಗಳು ಶೂ ಲೇಸ್ ಕಟ್ಟಿಕೊಳ್ಳುತ್ತಾ, “ತಾತಾ, ವೈ ಈಸ್ ಯುವರ್ ಕಪ್ ಡ್ಯಾನ್ಸಿಂಗ್?” ಎಂದಳು.

“ನಿಮ್ಮ ಮನೆ ಎ.ಸಿ. ಕಣಮ್ಮ, ಚಳಿ,” ಎಂದರು ಮಾವ.

ಎ.ಸಿ. ಇನ್ನೂ ಹಾಕಿಯೇ ಇರಲಿಲ್ಲ.

ಮಾರನೆಯ ದಿನದಿಂದ ಅವರಿಗೆ ಅರ್ಧ ಲೋಟ ಕಾಫಿ ಕೊಡತೊಡಗಿದೆ. ಅದು ಮುಗಿದ ಮೇಲೆ ಇನ್ನರ್ಧ. ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮವರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಮಗನ ಎದುರಿಗೆ ಮಾವ ಎರಡೂ ಕೈಯಲ್ಲಿ ಲೋಟ ಹಿಡಿಯುತ್ತಿದ್ದರು. ಒಂದು ದಿನ ತಡೆಯಲಾರದೆ ಹೇಳಿದರೆ, “ಅಪ್ಪನ ಕೈಯಾ? ಕಲ್ಲು ಕಣೇ ಅದು! ನಿಂಗೆ ಚಿಂತೆ ಮಾಡಕ್ಕೆ ದಿನಾ ಏನಾದ್ರೂ ಒಂದು ಬೇಕು,” ಎಂದು ನಕ್ಕುಬಿಟ್ಟರು. ಎರಡನೆಯ ಮಾತೇನೋ ನಿಜ. ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಕಾರಿನಿಂದ ಇಳಿದು ಮಹಡಿ ಹತ್ತಿ ಬರುವವಳು.

ಇಂಥವಳು ಕೋವಿ ಪೂಜಿಸುವ ಮನೆ ಸೇರಿದ್ದು ಹಣೆಬರಹ. ನಾನು ಮೈಸೂರಿನವಳು, ಈರುಳ್ಳಿ ಕೂಡ ಹಿತ್ತಲಿನ ಒಲೆಯಲ್ಲಿ ಬೇಯುತ್ತಿದ್ದ ಮನೆತನ. ಇವರು ಕೊಡವರು. ಮಾವ ಸೈನ್ಯದಲ್ಲಿದ್ದು ಬಂದವರು, ಬೇಟೆ ನಿಂತುಹೋಗುವ ಮುಂಚಿನ ಕಾಲದ ಬೇಟೆಗಾರರು. ಅವರ ಅಪ್ಪ ಊರು ಬಿಟ್ಟು ಹೋಗುತ್ತಿದ್ದ ಯಾರೋ ತೋಟದ ದೊರೆಯಿಂದ ಕೊಂಡ ಒಂದು ರೈಫಲ್ ಮನೆಯಲ್ಲಿತ್ತು. ಮದುವೆಯಾದ ಹೊಸದರಲ್ಲಿ, ಏನಾದರೂ ಮಾತಾಡಬೇಕಲ್ಲ ಎಂದು, “ಮಾವ, ಇದು ಎಷ್ಟು ಸರಿಯಾಗಿ ಹೊಡೆಯುತ್ತೆ?” ಎಂದು ಕೇಳಿದ್ದೆ. ಆ ಒಂದು ಪ್ರಶ್ನೆಗೆ ಅವರು ನನ್ನನ್ನು ಮಗಳು ಮಾಡಿಕೊಂಡರು.

“ನೂರು ಗಜದಲ್ಲಿ ಅಂಗೈಯಗಲ,” ಎಂದು ತಮ್ಮ ಅಂಗೈ ಬಿಡಿಸಿ ತೋರಿಸಿದ್ದರು. “ಅಷ್ಟರೊಳಗೆ ಎಲ್ಲಿ ಬಿದ್ರೂ ಅದು ಸರಿಯೇ. ಅದಕ್ಕಿಂತ ಹೆಚ್ಚು ಕೇಳುವವ ಬೇಟೆಗಾರ ಅಲ್ಲ, ಬಡಾಯಿಗಾರ. ಉಳಿದದ್ದನ್ನ ನಾವು ಇನ್ನಷ್ಟು ಹತ್ತಿರ ಹೋಗಿ ತುಂಬಿಕೊಡಬೇಕು.” ಆಮೇಲೆ ಇನ್ನೊಂದು ಮಾತು ಹೇಳಿದ್ದರು. ಅದನ್ನು ನಾನು ಮರೆತಿದ್ದರೆ ಚೆನ್ನಾಗಿತ್ತು. “ಕೋವಿ ತಪ್ಪಿದ್ರೆ ಒಂದೇ ಕಡೆ ತಪ್ಪುತ್ತೆ, ನೆನಪಿಟ್ಕೊ. ಕೈ ತಪ್ಪಿದ್ರೆ ಹತ್ತು ಕಡೆ.”

ಈಗ ಎಂಬತ್ತರ ದಶಕ ಮುಗಿಯುತ್ತಿತ್ತು. ಹಿಂದಿನ ಕೈಲ್ ಮುಹೂರ್ತದಲ್ಲಿ, ಎಂದರೆ ಕೋವಿಗೆ ಹೂವಿಟ್ಟು ಪೂಜಿಸಿ, ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಅವರ ಹಬ್ಬದಲ್ಲಿ, ಮಾವ ಮೂರು ಸಲ ಹೊಡೆದು ಮೂರೂ ಸಲ ತಪ್ಪಿದ್ದರು. ಊರವರೆಲ್ಲ ನೋಡಿದ್ದರು. “ಕೋವಿ ಕೆಟ್ಟಿದೆ,” ಎಂದು ಅಲ್ಲೇ ತೀರ್ಪು ಕೊಟ್ಟು, ರಿಪೇರಿಯವನ ಹತ್ತಿರ ಬಿಟ್ಟು ಬಂದಿದ್ದರು. ನಳಿಗೆಯ ತುದಿಯಲ್ಲಿ ಗುರಿಗೆಂದು ಒಂದು ಪುಟ್ಟ ಮಣಿ ಇರುತ್ತದಂತೆ. ಅದಕ್ಕೆ ಅರ ಹಾಕಿ ತಗ್ಗಿಸಬೇಕು ಅಂತ ಮಾವ, ಕೋವಿಯಲ್ಲಿ ಏನೂ ದೋಷವಿಲ್ಲ ಅಂತ ಅವನು. ಕೊನೆಗೆ ಮಾವನ ಮಾತೇ ಗೆದ್ದು, ಅವರು ವಾಪಸು ಹೋಗುವಷ್ಟರಲ್ಲಿ ಮಾಡಿಡುತ್ತೇನೆ ಎಂದನಂತೆ. ಇದನ್ನು ಮಾವ ಊಟದ ಹೊತ್ತಿನಲ್ಲಿ ಹೇಳುವಾಗ ನಾನು ಸುಮ್ಮನಿರಬಾರದೆ? “ಮಾವ, ಮೂರೂ ಗುಂಡು ಯಾವ ಕಡೆ ತಪ್ಪಿದ್ವು?” ಎಂದೆ.

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. “ಎಡಕ್ಕೊಂದು,” ಎಂದರು. ಆಮೇಲೆ, “ಒಂದು ಮೇಲೆ.” ಮೂರನೆಯದನ್ನು ಹೇಳದೆ ಸಾರು ಕೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ನಮ್ಮಮ್ಮನ ಗಾದೆ ನಾಲಗೆಯ ತುದಿಗೆ ಬಂದುಬಿಟ್ಟಿತು. ಬಾಯಿ ತುಂಬ ನೀರು ಕುಡಿದು ಅದನ್ನು ಒಳಗೆ ಕಳಿಸಿದೆ.

ಇಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಮುಗಿಯಗೊಡದವರು ನಮ್ಮವರ ಕಫೀಲರು, ಕಂಪನಿಯ ಒಡೆಯರು. ಕೊಡಗಿನ ಬೇಟೆಗಾರ ಅಪ್ಪ ಬಂದಿದ್ದಾರೆ ಎಂದು ಇವರು ಆಫೀಸಿನಲ್ಲಿ ಜಂಬ ಕೊಚ್ಚಿದ್ದೇ ತಡ, ಈದ್ ರಜೆಗೆ ಎಲ್ಲರೂ ಸೂರ್ ಪಟ್ಟಣದ ಹತ್ತಿರದ ನಮ್ಮೂರಿಗೆ ಬನ್ನಿ, ಹಬ್ಬಕ್ಕೆ ಗುರಿ ಹೊಡೆಯುವ ಆಟ ಇದೆ, ನಮ್ಮಪ್ಪನಿಗೂ ಕೋವಿಯ ಹುಚ್ಚು ಎಂದರು. ಮಾವನ ಮುಖ ಅರಳಿತು. “ಒಳ್ಳೇದೇ ಆಯ್ತು. ಚೆನ್ನಾಗಿರೋ ಕೋವಿ ಒಂದು ಕೈಗೆ ಸಿಕ್ರೆ ಗೊತ್ತಾಗತ್ತೆ, ತಪ್ಪು ಯಾರದು ಅಂತ,” ಎಂದು ನಕ್ಕರು. ಅವರು ನಿಜವಾಗಿಯೂ ಅದನ್ನು ತಿಳಿಯಲಿಕ್ಕೇ ಹೋಗುತ್ತಿದ್ದರು.

ನಾನು ನಮ್ಮವರ ಬೆನ್ನು ಹತ್ತಿದೆ. “ಏನಾದ್ರೂ ನೆಪ ಹೇಳ್ರೀ. ವಿಸಿಟ್ ವೀಸಾದಲ್ಲಿ ಬಂದವರು ಕೋವಿ ಮುಟ್ಟಬಹುದಾ? ಯಾರಿಗಾದ್ರೂ ತಗುಲಿದ್ರೆ?”

“ಖಲಾಸ್, ಬಿಡೇ. ಕಫೀಲರು ಕರೆದಿದ್ದಾರೆ. ಅವರ ಊರು, ಅವರ ಕೋವಿ, ಅವರ ಲೈಸೆನ್ಸು.”

ಮೆಣಸಿನಪುಡಿ ಡಬ್ಬಿಯನ್ನು ಕುಟ್ಟಿ ಇಟ್ಟೆ, ಮುಚ್ಚಳ ಹಾರಿತು. ಅಪ್ಪನ ಮರ್ಯಾದೆ ಹೋದೀತು ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಕೋವಿ ಮುಟ್ಟದ ಸೊಸೆ ನಾನು.

ದಾರಿಯುದ್ದಕ್ಕೂ ಬೋಳು ಗುಡ್ಡಗಳು. ಮಾವ ಕಿಟಕಿಯಿಂದ ನೋಡುತ್ತಾ, “ಇಲ್ಲಿ ಅಡಗಲಿಕ್ಕೆ ಒಂದು ಪೊದೆ ಇಲ್ಲ. ಬೇಟೆ ಕಷ್ಟ,” ಎಂದರು. ಇಲ್ಲಿಯೂ ಬೇಟೆ ನಿಷಿದ್ಧ ಎಂದು ಇವರು ತಿಳಿಸಿದಾಗ, “ಹಾಗಾದ್ರೆ ಇಲ್ಲಿಯ ಮುದುಕರೂ ಕಲ್ಲಿಗೇ ಹೊಡೀಬೇಕು,” ಎಂದರು.

ಕಫೀಲರ ತಂದೆ ಬಿಳಿ ಗಡ್ಡದ, ಸಣಕಲು ಮುದುಕರು. ಪ್ರಾಯದಲ್ಲಿ ಹಾಯಿ ಹಡಗಿನಲ್ಲಿ ಖರ್ಜೂರ ಹೇರಿಕೊಂಡು ಮಂಗಳೂರಿಗೆ ಹೋಗಿ ಹೆಂಚು, ಮರ ತರುತ್ತಿದ್ದರಂತೆ. ಆ ಕಾಲದ ಹಿಂದಿ ಅವರಲ್ಲಿ ಉಳಿದಿತ್ತು, ಮಾವನಲ್ಲಿ ಸೈನ್ಯದ ಹಿಂದಿ. ಎರಡೂ ಮುರುಕು, ಆದ್ದರಿಂದ ಚೆನ್ನಾಗಿ ಹೊಂದಿಕೊಂಡವು. ಊರಾಚೆ ಒಣಗಿದ ಹಳ್ಳದ ದಡದಲ್ಲಿ ಚಾಪೆ ಹಾಸಿದ್ದರು. ಹೆಂಗಸರೆಲ್ಲ ಮನೆಯೊಳಗಿದ್ದರು, ಮಗಳನ್ನು ಅವರ ಮಕ್ಕಳ ಜೊತೆ ಬಿಟ್ಟು, ನಾನು ಹಟ ಮಾಡಿ ಬಂದು ಚಾಪೆಯ ಅಂಚಿಗೆ ಕೂತೆ. ಕಣ್ಣೆದುರಿಗಿದ್ದರೆ ಏನೋ ತಡೆದೇನು ಎಂಬ ಭ್ರಮೆ.

ಕಫೀಲರೇ ಎದ್ದು ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಕಹ್ವಾ, ಎಂದರೆ ಅರಬ್ಬರ ಕಾಫಿ, ಸುರಿದರು. ಅದರ ಪದ್ಧತಿ ಒಮಾನಿಗೆ ಬಂದವರಿಗೆಲ್ಲ ಗೊತ್ತು: ಬಟ್ಟಲು ಬರಿದಾದಂತೆಲ್ಲ ಸುರಿಯುತ್ತಲೇ ಇರುತ್ತಾರೆ, ಸಾಕಾದರೆ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಡಬೇಕು. ಮಾವನಿಗೆ ಹೇಳಿಯೂ ಇದ್ದೆ. ಅವರು ಮೊದಲ ಬಟ್ಟಲು ಕುಡಿದು, ಇನ್ನಷ್ಟು ಬೇಕೆಂದು ಬಲಗೈ ಚಾಚಿದರು. ಬಟ್ಟಲು ನಡುಗಿತು. ಕಫೀಲರು ಸಾಕಾಯಿತೆಂದುಕೊಂಡು ವಿನಯದಿಂದ ಅದನ್ನು ತೆಗೆದುಕೊಂಡು ಮುಂದೆ ಹೋದರು. ಮಾವ ಖಾಲಿ ಕೈಯನ್ನು ನಿಧಾನವಾಗಿ ಮಡಿಲಿಗೆ ತಂದುಕೊಂಡರು. ನಾನು ಖರ್ಜೂರದ ತಟ್ಟೆಯನ್ನೇ ನೋಡುತ್ತಿದ್ದೆ. ತಲೆಯೆತ್ತಿದಾಗ ಬಿಳಿ ಗಡ್ಡದ ಮುದುಕರು ಮಾವನ ಕೈ ನೋಡುತ್ತಿದ್ದರು.

ಆಟ ಶುರುವಾಯಿತು. ಎದುರಿನ ಗುಡ್ಡದ ಬುಡದಲ್ಲಿ ಒಂದು ಬಿಳಿ ಕಲ್ಲು. ಬದಿಯ ಬಂಡೆಯ ಹಿಂದೆ ಒಬ್ಬ, ಗುಂಡು ಎಲ್ಲಿ ಬಿತ್ತೆಂದು ಕೋಲಿನಿಂದ ತೋರಿಸುವವನು. ಆ ಬಂಡೆ ಸಾಕೇ ಎಂದು ನಾನು ಅದರ ಅಗಲವನ್ನೇ ಅಳೆಯುತ್ತಿದ್ದೆ. ಮುದುಕರ ಕೋವಿ ನಳಿಗೆಗೆ ಬೆಳ್ಳಿ ಪಟ್ಟಿ ಸುತ್ತಿದ ಹಳೆಯ ರೈಫಲ್, ಒಂದು ಸಲಕ್ಕೆ ಒಂದೇ ತೋಟಾ. ಅವರು ಹೊಡೆದಾಗ ಕಲ್ಲಿನ ಅಂಚು ಹಾರಿತು. ಮಗ ಹೊಡೆದಾಗ ಕಲ್ಲಿನ ಪಕ್ಕದಲ್ಲೇ ಮಣ್ಣೆದ್ದಿತು. ಹೊಡೆದವರದೆಲ್ಲ ಹೆಚ್ಚು ಕಡಿಮೆ ಅಲ್ಲೇ, ಅಂಗೈಯಗಲದಲ್ಲಿ. ಕೋವಿ ಚೆನ್ನಾಗಿದೆ ಎಂದು ನನ್ನಂಥವಳಿಗೂ ತಿಳಿಯಿತು. ಕೆಟ್ಟಿರಬಾರದಿತ್ತೇ ದೇವರೇ ಎಂದುಕೊಂಡೆ.

ಮಾವ ಕೋವಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿದರು. ಅದು ಕಂಡು ಒಮಾನಿಗಳೆಲ್ಲ ಮೆಚ್ಚಿ ಏನೋ ಅಂದರು. ಅವರು ಮಂಡಿಯೂರಿ, ಕೋವಿಯ ಬುಡವನ್ನು ಹೆಗಲಿಗೆ ಒತ್ತಿ, ಕೆನ್ನೆ ಇಟ್ಟರು. ಒಂದು ಕ್ಷಣ ಮೈ ಪೂರ್ತಿ ಕಲ್ಲಾಯಿತು. ನಮ್ಮವರು ಹೇಳುವುದೇ ನಿಜವಿರಬಹುದು ಎಂದು ನನಗೆ ಆಸೆ ಹುಟ್ಟಿತು. ಅಷ್ಟರಲ್ಲಿ ನಳಿಗೆಯ ತುದಿ ನಡುಗಿತು. ಸದ್ದಾಯಿತು. ಕೋಲು ಎಡಕ್ಕೆ ತೋರಿಸಿತು.

ಎರಡನೆಯ ತೋಟಾ. ಕೋಲು ಮೇಲಕ್ಕೆ ಎದ್ದಿತು. ನಮ್ಮವರು ನನ್ನ ಕಡೆ ನೋಡಲಿಲ್ಲ. ಸಾಕು ಮಾವ, ಎದ್ದು ಬನ್ನಿ ಎಂದು ಕೂಗಬೇಕೆನಿಸಿತು. ಅವರು ಮೂರನೆಯದನ್ನು ಬಹಳ ಹೊತ್ತು ತೆಗೆದುಕೊಂಡು ಹೊಡೆದರು. ಗುಂಡು ಕಲ್ಲಿಗಿಂತ ಎಷ್ಟೋ ಈಚೆ ನೆಲಕ್ಕೆ ಬಡಿದು ಹಳ್ಳದಲ್ಲಿ ದೂಳೆಬ್ಬಿಸಿತು. ಅಲ್ಲಿಗೆ ಊರಿನ ಮೂರನೆಯ ಗುಂಡು ಎಲ್ಲಿ ಹೋಗಿತ್ತೆಂದು ನನಗೆ ತಿಳಿದಂತಾಯಿತು.

ಮುದುಕರು ಎದ್ದು ಬಂದು ಕೋವಿ ತೆಗೆದುಕೊಂಡು, ಅದರ ನಳಿಗೆಯನ್ನು ತಟ್ಟಿ, “ಬಂದೂಕ್ ಬುಡ್ಢಾ ಹೋ ಗಯಾ, ಭಾಯಿ. ಮೇರೇ ಜೈಸಾ,” ಎಂದರು. ಕೋವಿಗೆ ವಯಸ್ಸಾಯಿತು, ನನ್ನ ಹಾಗೆ. ಇದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅತಿಥಿಯ ಮಾನ ಉಳಿಸಲಿಕ್ಕೆ ತಮ್ಮ ಪ್ರೀತಿಯ ಕೋವಿಯ ಮೇಲೆ ಸುಳ್ಳು ಹೊರಿಸಿದ ಆ ಮನುಷ್ಯನ ಕಾಲಿಗೆ ಬೀಳಬೇಕೆನಿಸಿತು ನನಗೆ. ಮಾವ ಹೂಂ ಅಂದಿದ್ದರೆ ಮುಗಿದಿತ್ತು.

“ನಹೀ ಸಾಬ್. ಬಂದೂಕ್ ಠೀಕ್ ಹೈ,” ಎಂದರು ಮಾವ. ಬಲಗೈ ಎತ್ತಿ ತೋರಿಸಿದರು. “ಯೇ.”

ಮುದುಕರು ಅವರನ್ನು ಚಾಪೆಗೆ ಕರೆತಂದು ಕೂರಿಸಿದರು. ಈ ಸಲ ಕಹ್ವಾದ ಹೂಜಿಯನ್ನು ಮಗನ ಕೈಯಿಂದ ತಾವೇ ತೆಗೆದುಕೊಂಡರು. ಮಾವನ ಬಟ್ಟಲು ನಡುಗುತ್ತಲೇ ಇತ್ತು, ಅವರು ಸುರಿದರು. ಮಾವ ಕುಡಿದು ಮತ್ತೆ ಚಾಚಿದರು, ಅದು ನಡುಗುತ್ತಲೇ ಇತ್ತು, ಮುದುಕರು ಮತ್ತೆ ಸುರಿದರು. ಸಾಕಾದಾಗ ಮಾವ ಬಟ್ಟಲಿನ ಬಾಯಿಗೆ ಎಡಗೈ ಮುಚ್ಚಿದರು. ನಾನು ದುಪಟ್ಟಾದಲ್ಲಿ ಮೂಗು ಒರೆಸಿಕೊಂಡೆ.

ವಾಪಸು ಬರುವಾಗ ಇವರು, “ಆ ಕೋವಿ ಹಳೇದು ಬಿಡಿ ಅಪ್ಪ, ಅವರೇ ಹೇಳಿದ್ರಲ್ಲ,” ಎಂದರು. ಎಷ್ಟೋ ದೂರ ಬಂದ ಮೇಲೆ ಮಾವ, “ನಾಳೆ ಊರಿಗೆ ಫೋನ್ ಮಾಡಬೇಕು. ರಿಪೇರಿಯವನ ಪಕ್ಕದ ಔಷಧಿ ಅಂಗಡಿಯಲ್ಲಿ ಫೋನ್ ಇದೆ. ಆ ಮಣಿಗೆ ಅರ ಮುಟ್ಟಿಸಬೇಡ ಅಂತ ಹೇಳಬೇಕು. ಅದರಲ್ಲೇನೂ ತಪ್ಪಿಲ್ಲ,” ಎಂದರು. ಆಮೇಲೆ ಮನೆ ಸೇರುವವರೆಗೂ ಅದೊಂದೇ. ಈದ್ ರಜೆ ಅಲ್ಲಿಯೂ ಇರುತ್ತದೆಯೇ, ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತಾನೆ, ಈಗಲೇ ಮಾಡಲು ಆಗುವುದಿಲ್ಲವೇ. ಚಿಂತೆ ಮಾಡುವುದರಲ್ಲಿ ನನ್ನನ್ನೂ ಮೀರಿಸಿದರು.

ಬೆಳಿಗ್ಗೆ ಲೈನ್ ಸಿಕ್ಕಿತು. ಔಷಧಿ ಅಂಗಡಿಯವನು ರಿಪೇರಿಯವನನ್ನು ಕೂಗಿ ಕರೆದದ್ದು ನಮಗೂ ಕೇಳಿಸಿತು. ಮಾವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಒಂದು ಮಾತು ಹೇಳಿದರು, ಆಮೇಲೆ ಬರೀ ಕೇಳಿದರು. “ಸರಿ. ನೀನೇನು ಮಾಡ್ತೀ, ನಾನೇ ಹೇಳಿದ್ದಲ್ವಾ,” ಎಂದು ಇಟ್ಟರು. ಕೆಲಸ ಹೋದ ವಾರವೇ ಮುಗಿದಿತ್ತು.

“ಹೊಸಾ ಮಣಿ ಹಾಕಿಸಿದ್ರಾಯ್ತಪ್ಪ,” ಎಂದು ಇವರು ಪೇಪರ್ ಬಿಡಿಸಿದರು.

“ಅದು ನಮ್ಮಪ್ಪನ ಕಾಲದ್ದು,” ಎಂದರು ಮಾವ. ನನ್ನ ಕಡೆ ತಿರುಗಿದರು. “ನನ್ನ ಕೈಯ ತಪ್ಪನ್ನ ಅದರ ಮೈಮೇಲೆ ಕೆತ್ತಿಸಿಬಿಟ್ಟೆ ನೋಡಮ್ಮ.”

ನಾನು ಒಳಗೆ ಹೋಗಿ ಕಾಫಿ ತಂದೆ, ಅಭ್ಯಾಸದಂತೆ ಅರ್ಧ ಲೋಟ. ಅವರು ಲೋಟದೊಳಗೆ ನೋಡಿ, ವಾಪಸು ಕೊಟ್ಟರು. “ತುಂಬ ಕೊಡು. ಚೆಲ್ಲಿದ್ರೆ ಒರೆಸಿದ್ರಾಯ್ತು.”

ಕಂಠದವರೆಗೆ ತುಂಬಿಸಿ ತಂದೆ. ಅವರು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯೊಂದರಲ್ಲೇ ಲೋಟ ಎತ್ತಿದರು. ಕಾಫಿ ಬಟ್ಟಲಿಗೂ ಸೋಫಾಕ್ಕೂ ಚೆಲ್ಲಿತು. ಟಣಟಣ ಸದ್ದಿಗೆ ನಮ್ಮವರು ಪೇಪರಿನಿಂದ ತಲೆಯೆತ್ತಿ, ಅಪ್ಪನ ಕೈ ನೋಡಿದರು.