ಬ್ಯಾಟರಿ ತೆಗೆಯುವ ಮೊದಲು

ಗುತ್ತಲಿನ ಆ ಎಲೆಕ್ಟ್ರಾನಿಕ್ಸ್ ರಿಪೇರಿಯವರು ಯಾವ ಸರ್ಕ್ಯೂಟ್ ಬೋರ್ಡನ್ನೇ ಆಗಲಿ, ಕೆಲಸಕ್ಕೆ ತೊಡಗುವ ಮೊದಲು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ಆಮೇಲೆ "ಆತ್ರ ಬ್ಯಾಡಿ, ನೋಡವ" ಎನ್ನುತ್ತಿದ್ದರು. ಗಿರಾಕಿ ಆತುರಪಡದಿದ್ದರೂ ಅದೇ ಮಾತು.

ಅಣ್ಣ ತೀರಿಕೊಂಡ ಮೇಲೆ, ಮದ್ದೂರಿನ ಅವನ ಆಟದಂಗಡಿಯಲ್ಲಿದ್ದ ಕಾಸು ಹಾಕಿ ಗುಂಡು ಹೊಡೆದು ಆಡುವ ಹಳೆಯ ಪಿನ್‌ಬಾಲ್ ಯಂತ್ರವನ್ನು ನಾನೂ ಅಮ್ಮನೂ ಅವರಲ್ಲಿಗೆ ಒಯ್ದೆವು. ಒಳಗಿನ ಬ್ಯಾಟರಿ ಸೋರಿ, ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತಿತ್ತು. ಆದರೆ ಅಣ್ಣ ಆಡಿ ಗಳಿಸಿದ್ದ ದೊಡ್ಡ ಅಂಕವನ್ನು ಉಳಿಸಿಕೊಂಡಿದ್ದುದೂ ಅದೇ ಬ್ಯಾಟರಿ.

"ತೆಗುದ್ರೆ ಅಂಕ ಓಯ್ತದೆ ಕಣವ್ವ. ಬುಟ್ರೆ ಬೋರ್ಡೇ ಓಯ್ತದೆ" ಎಂದು ಅವರು ಅಮ್ಮನಿಗೆ ಹೇಳಿದರು. ಯಂತ್ರಕ್ಕೆ ಕರೆಂಟು ಕೊಟ್ಟು, ಅಂಕ ಮಿನುಗತೊಡಗಿದಾಗ ಅದರೆದುರು ಅಮ್ಮನಿಗೆ ಸ್ಟೂಲು ಹಾಕಿದರು. ಅಂಗಡಿಯ ರೇಡಿಯೊ ನಿಲ್ಲಿಸಿ ತಾವು ಬಾಗಿಲಾಚೆ ನಿಂತರು. ಬಂದ ಗಿರಾಕಿಗಳನ್ನು ಒಳಗೆ ಬಿಡಲಿಲ್ಲ.

ಬಹಳ ಹೊತ್ತಿನ ಮೇಲೆ ಅಮ್ಮ, "ತೆಗಿಯಪ್ಪ" ಎಂದಳು.

ಅವರು ಬ್ಯಾಟರಿ ಕತ್ತರಿಸಿ ತೆಗೆದು, ಬೋರ್ಡು ತೊಳೆದು, ಎರಡು ವಾರ ಕೂತು ತುಂಡಾದ ಗೆರೆಗಳಿಗೆಲ್ಲ ತಂತಿ ಬೆಸೆದರು. ನಾವು ಯಂತ್ರ ತರಲು ಹೋದ ದಿನ ಅದರ ದೀಪಗಳೆಲ್ಲ ಹೊತ್ತಿಕೊಂಡವು. ಅಂಕದ ಜಾಗದಲ್ಲಿ ಬರೀ ಸೊನ್ನೆಗಳಿದ್ದವು. ಅವರು ಅವನ್ನು ಅಂಗೈಯಿಂದ ಮುಚ್ಚಿ ಹಿಡಿದು, ಅಮ್ಮನ ಕಡೆ ನೋಡದೆ, "ಈಗ ಕೆಲ್ಸ ಮಾಡ್ತದೆ ಕಣವ್ವ" ಎಂದರು.