ಅಪ್ಪನ ಎದುರಿಗೆ ಮಗಳ ತುತ್ತು

ಕಳೆದ ಸೋಮವಾರ ನಾನು ಒಂದು ಬಟ್ಟಲು ಹಾಲನ್ನಕ್ಕೆ ಹೆದರಿ ಮನೆ ಬಿಟ್ಟು ಓಡಿದೆ.

ನಗಬೇಡಿ. ನಡೆದದ್ದು ಹೀಗೆ. ನನ್ನ ಹೆಂಡತಿಗೆ ಆರು ದಿನದಿಂದ ಚಳಿಜ್ವರ. ಎದೆಹಾಲು ಬತ್ತಿದೆ. ಅವ್ವ ತವರಿನ ಮದುವೆಗೆಂದು ಬಾದಾಮಿಗೆ ಹೋಗಿದ್ದಾಳೆ. ಹುನಗುಂದದ ಮನೆಯಲ್ಲಿ ಉಳಿದವರು ನಾವಿಬ್ಬರು, ನನ್ನ ಅಪ್ಪ, ಹತ್ತು ತಿಂಗಳ ಮಗಳು. ಅಂದು ಬೆಳಿಗ್ಗೆ ಹೆಂಡತಿ ಗೋಡೆ ಹಿಡಿದು ಎದ್ದು ಕೂಸಿಗೆ ಉಣಿಸಲು ಕೂತಳು. ಬಟ್ಟಲು ಓರೆಯಾಗಿ ಹಾಲು ಚೆಲ್ಲಿತು.

“ಏನ್ರಿ, ನೀವ ನಾಕ್ ತುತ್ತು ತಿನಸ್ರಿ. ನನ್ನ ಕೈಲೆ ಆಗೂದಿಲ್ಲ.”

ಬಟ್ಟಲು ತೆಗೆದುಕೊಂಡೆ. ಪಡಸಾಲೆಯಲ್ಲಿ ಅಪ್ಪ ಕೆಮ್ಮಿದರು. ಬಟ್ಟಲು ಕೆಳಗಿಟ್ಟೆ, ಕೋರ್ಟಿನ ಕೋಟು ತೊಟ್ಟೆ, ಹೊರಗೆ ಬಿದ್ದೆ. ಮಗಳ ಅಳು ಓಣಿಯ ತುದಿಯವರೆಗೂ ಬೆನ್ನು ಹತ್ತಿತ್ತು.

ನಮ್ಮ ಮನೆತನಗಳ ಪದ್ಧತಿ ನಿಮಗೆ ಗೊತ್ತೇ ಇದೆ. ಹಿರಿಯರ ಎದುರಿಗೆ ಗಂಡಸು ತನ್ನ ಕೂಸನ್ನು ಎತ್ತಬಾರದು. (ಅಣ್ಣನ ಕೂಸನ್ನು ಎತ್ತಬಹುದು. ತನ್ನದನ್ನು ಎತ್ತಿದರೆ ಮಾತ್ರ ಮಾನ ಹೋಗುತ್ತದೆ. ಇದು ಯಾವ ಲಾಜಿಕ್ಕೋ!) ಕಾಲೇಜಿನ ಡಿಬೇಟಿನಲ್ಲಿ ‘ಪದ್ಧತಿ ಎಂಬುದು ವಾದವಲ್ಲ’ ಎಂದು ಮೇಜು ಗುದ್ದಿ ಗೆದ್ದವನು ನಾನು. ಆ ಮೇಜಿನ ಆಚೆ ಅಪ್ಪ ಕೂತಿರಲಿಲ್ಲ, ಅಷ್ಟೇ.

ಅಂದೂ ಹೆಂಡತಿಯೇ ಹೇಗೋ ಉಣಿಸಿದಳು. ಮರುದಿನ ಕೇಸೊಂದರ ಕೆಲಸಕ್ಕೆ ಇಳಕಲ್ಲಿಗೆ, ನನ್ನ ಕಕ್ಷಿಗಾರ ನೇಕಾರ ಪರಪ್ಪನ ಮನೆಗೆ ಹೋದೆ. ಅವನ ಹೆಂಡತಿ ಸೀರೆಯ ಮೈಗೂ ಸೆರಗಿಗೂ ಎಳೆಗೆ ಎಳೆ ಕೊಂಡಿ ಹಾಕುತ್ತಿದ್ದಳು. ನಡುವೆ ಕೈ ಬಿಡುವ ಹಾಗಿಲ್ಲ. ಪರಪ್ಪ ತೊಡೆಯ ಮೇಲೆ ಮಗನನ್ನು ಕೂಡಿಸಿಕೊಂಡು, ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನಿಸುತ್ತಿದ್ದ. ಪಕ್ಕದಲ್ಲೇ ಅವನ ಮುದಿ ಅಪ್ಪ ನೂಲು ಸುತ್ತುತ್ತಿದ್ದ!

ಮೆಲ್ಲಗೆ ಕೇಳಿದೆ: “ಅಲ್ಲೋ, ನಿಮ್ಮಪ್ಪನ ಮುಂದ ನಾಚಿಕಿ ಬರೂದಿಲ್ಲೇನು?”

“ಅಪ್ಪಗ ಹಸಿವಿ ಇಲ್ರಿ ವಕೀಲಸಾಹೇಬ್ರ, ಕೂಸಿಗೆ ಐತಿ.”

ಮುದುಕ ತಲೆ ಎತ್ತದೆ ಗದರಿಸಿದ: “ಲೇ, ಮಾತು ಸಾಕು, ಅದರ ಬಾಯಿ ನೋಡು.”

ಅಲ್ಲೇ ನಾನು ನನ್ನ ಪದ್ಧತಿಯ ಕೇಸು ಸೋತೆ. ಆದರೂ ಟಾಂಗಾದಲ್ಲಿ ದಾರಿಯುದ್ದಕ್ಕೂ ನನ್ನೊಳಗೇ ತಕರಾರು ತೆಗೆದೆ. ಅವರದು ಮಗ್ಗದ ಮನೆ, ಕೈ ಖಾಲಿ ಇದ್ದವರು ಉಣಿಸುತ್ತಾರೆ. ಸರಿ, ನಮ್ಮದು? ಬೆಳಗಾದರೆ ಕಾಯಕದ ಹಿರಿಮೆ ಹೇಳುವ ಮನೆ. ಕೈ ಖಾಲಿ ಇದ್ದ ಗಂಡಸರು ಇಬ್ಬರು. ಉಣಿಸಬೇಕಾದವಳು ಜ್ವರದವಳು!

ಸಂಜೆ ಬಂದವನೇ ಮಗಳನ್ನೂ ಹಾಲನ್ನದ ಬಟ್ಟಲನ್ನೂ ಎತ್ತಿಕೊಂಡು ಪಡಸಾಲೆಯಲ್ಲಿ, ಅಪ್ಪನ ಎದುರಿಗೇ ಕೂತೆ. ಬಾಯಲ್ಲಿ ವಾದ ಸಿದ್ಧವಿತ್ತು. ಅಪ್ಪ ಗೋಡೆಯ ಕಡೆ ತಿರುಗಿದರು. ತುತ್ತಿಟ್ಟೆ. ಮಗಳು ಉಗುಳಿದಳು. ಇನ್ನೊಂದಿಟ್ಟೆ. ಅದನ್ನೂ ಉಗುಳಿ ಚೀರಿದಳು. ನನಗೆ ಬೆವರು.

“ಸಣ್ಣ ತುತ್ತು ಮಾಡಲೇ,” ಎಂದರು ಅಪ್ಪ, ಗೋಡೆಗೆ. “ಬೆರಳ ತುದೀಲೆ ನುರಿ. ನೀನೂ ಹಿಂಗ ಉಗುಳ್ತಿದ್ದಿ.”

“ನಿಮಗ ಹೆಂಗ ಗೊತ್ತು?”

“ನಿಮ್ಮವ್ವಗ ಜ್ವರ ಬಂದಾಗ ಹಿತ್ತಲದಾಗ ನಾನ ತಿನಸೇನಿ. ನಿಮ್ಮಜ್ಜ ಹೊಲಕ್ಕ ಹೋದ ಮ್ಯಾಲೆ. ಕದ್ದು.”

ತುತ್ತು ಸಣ್ಣದಾಯಿತು. ಮಗಳು ನುಂಗಿದಳು. ಬಟ್ಟಲು ಮುಗಿಯುವ ಹೊತ್ತಿಗೆ ಒಳಗೆ ಹೆಂಡತಿ, ಏಳು ದಿನದಲ್ಲಿ ಮೊದಲ ಸಲ, ಗಾಢ ನಿದ್ದೆ ಹೋಗಿದ್ದಳು.

ನನಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಉಣಿಸುವುದು ಗೊತ್ತಿದ್ದೂ ಅಪ್ಪ ಸುಮ್ಮನಿದ್ದರು. ಅಪ್ಪ ಏನೆನ್ನುತ್ತಾರೋ ಗೊತ್ತಿಲ್ಲವೆಂದು ನಾನೂ ಸುಮ್ಮನಿದ್ದೆ. ತಂದೆ ತನ್ನ ಕೂಸಿಗೆ ಉಣಿಸುವುದೇ ಕಳ್ಳತನವಾದರೆ, ಹಸಿದ ಕೂಸಿನ ಮುಂದೆ ಮರ್ಯಾದೆ ಹಿಡಿದುಕೊಂಡು ಕೂರುವುದಕ್ಕೆ ಏನು ಹೆಸರು?